ಮನೆಗೊಂದೇ ಕೊಡ

ಓಣಿಯಲ್ಲಿ ಯಾರ ಪ್ಲಾಸ್ಟಿಕ್ ಕೊಡ ಸೀಳು ಬಿಟ್ಟರೂ ನೀಲವ್ವನ ಬಾಳೆಹಣ್ಣಿನ ವಖಾರಿಗೇ ಬರುತ್ತಿತ್ತು. ಮಾಗುವ ಗೊನೆಗಳ ನಡುವೆ ಇಟ್ಟರೆ ಸಾಕು, ಹಣ್ಣು ಬಿಡುವ ಅನಿಲ ಪ್ಲಾಸ್ಟಿಕ್ಕಿನ ಅಣುಸರಪಳಿಗೆ ಕೊಂಡಿ ಕೊಂಡಿಯಾಗಿ ಸೇರಿಕೊಂಡು ಮಧ್ಯಾಹ್ನದೊಳಗೆ ಸೀಳು ಮುಚ್ಚುತ್ತಿತ್ತು. ಆಗ ನಿಂಬೆಸಿಪ್ಪೆ ತಿಕ್ಕಿ ಬೆಳವಣಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಕೊಡ ಬೆಳೆಯುತ್ತಲೇ ಹೋಗುತ್ತದೆ.

ಎದುರು ಮನೆಯ ಮಾಬೂಬಿ ಬಂದು ನೋಡಿದರೆ ಸೀಳು ಮುಚ್ಚಲು ಬಿಟ್ಟುಹೋಗಿದ್ದ ಅವಳ ಕೊಡ ಸೊಂಟದ ಮಟ್ಟಕ್ಕೆ ಬೆಳೆದಿತ್ತು.

"ಸಿಪ್ಪಿ ತಿಕ್ಕೂದು ಮರೆತ್ರೇನ ನೀಲವ್ವಾ? ಇದನ್ನ ಹೆಂಗ ಎತ್ತಲಿ?"

"ಮರೆತಿಲ್ಲ. ನಿಮ್ಮ ಮನ್ಯಾಗ ಹನ್ನೊಂದ್ ಮಂದಿ ಅದೀರಿ. ಇನ್ನೊಂದ್ ತಾಸು ಇರ್ಲಿ."

ಕೊಡ ಎದೆಮಟ್ಟ ಬಂದ ಮೇಲೆ ನೀಲವ್ವ ಸಿಪ್ಪೆ ತಿಕ್ಕಿದಳು. ಇಬ್ಬರೂ ಅದನ್ನು ಉರುಳಿಸಿಕೊಂಡು ಹೋಗಿ ಮಾಬೂಬಿಯ ಬಾಗಿಲ ಮುಂದೆ ನಿಲ್ಲಿಸಿದರು.

ಎಂಟು ದಿನಕ್ಕೊಮ್ಮೆ ಬರುವ ನೀರಿನ ಟ್ಯಾಂಕರ್ ಬಂತು. ಪೈಪು ಹಿಡಿದ ತಿರಕಪ್ಪ ಎಂದಿನಂತೆ ಕೂಗಿದ: "ಮನಿಗೊಂದ ಕೊಡ. ಎರಡನೇದು ತಂದ್ರ ಹಾಕೂದಿಲ್ಲ."

ಮಾಬೂಬಿಯ ಕೊಡ ಕಂಡು ಅವನು ಪೈಪು ಹಿಂದಕ್ಕೆ ಎಳೆದುಕೊಂಡ.

"ಎಣಿಸಿ ನೋಡಪ್ಪ," ಎಂದಳು ನೀಲವ್ವ. "ಒಂದ ಐತಿ."

ತಿರಕಪ್ಪ ಕೊಡದೊಳಗೆ ಪೈಪು ಇಳಿಬಿಟ್ಟ. ಪಾಳಿಯಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಕೊಡಗಳಲ್ಲಿ ಸೀಳು ಹುಡುಕತೊಡಗಿದರು.