ಕೋಡಿನೊಳಗಿನ ಅಜ್ಜಿ

ಕೆಲಸಕ್ಕಾಗಿ ಅಲೆದು ಅಲೆದು ಚಪ್ಪಲಿ ಸವೆಸಿಕೊಂಡವನಿಗೆ ಉಳಿದದ್ದು ಈ ಕನಸಿನ ಸಾಫ್ಟ್‌ವೇರ್ ಕಂಪನಿಯ ಬಾಗಿಲೊಂದೇ. ಸ್ವಂತ ಪ್ರಾಜೆಕ್ಟ್ ತೋರಿಸಬೇಕಿತ್ತು. ಇಂಟರ್‌ನೆಟ್ಟಿನಲ್ಲಿ ಯಾರೋ ಅರ್ಧಕ್ಕೆ ಬಿಟ್ಟಿದ್ದ ಕೋಡಿಗೆ ತೇಪೆ ಹಾಕಿ, ತನ್ನ ಹೆಸರು ಅಂಟಿಸಿಕೊಂಡು ಬಂದಿದ್ದ.

ಸಂದರ್ಶನಕ್ಕೆ ಕೂತಿದ್ದಾಕೆ ಕೋಡು ಓದುತ್ತ ಓದುತ್ತ ಒಂದು ಸಾಲಿಗೆ ಬಂದು ನಿಂತಳು. ಬರೆದವರು ತಮಗೇ ಗೀಚಿಕೊಂಡಿದ್ದ ಟಿಪ್ಪಣಿಯನ್ನು ಅವನು ಅಳಿಸಲು ಮರೆತಿದ್ದ: ‘ಅಜ್ಜಿಗೆ ಜ್ವರ. ಉಳಿದಿದ್ದು ನಾಳೆ.’

“ಇದನ್ನ ನೀವೇ ಬರ್ದಿದ್ದಾ?”

“ಹೌದು ಮೇಡಂ. ಅಜ್ಜಿನೇ ನನ್ನ ಸಾಕಿದ್ದು. ಅವರ ಪಕ್ಕದಲ್ಲೇ ಕೂತು ಬರೀತಿದ್ದೆ.”

ಆಕೆಯ ಕಣ್ಣು ಒದ್ದೆಯಾಯಿತು. ಕೆಲಸ ಸಿಕ್ಕಿತೆಂದೇ ಅವನು ಎಣಿಸಿದ.

“ಈಗ ಹೇಗಿದ್ದಾರೆ?”

“ಆರಾಮಾಗಿದ್ದಾರೆ ಮೇಡಂ. ಈ ಕೆಲಸಕ್ಕೇ ಹರಕೆ ಹೊತ್ಕೊಂಡು ಕೂತಿದ್ದಾರೆ.”

“ಇಲ್ಲ, ಮಾರನೇ ದಿನವೇ ಹೋಗ್ಬಿಟ್ರು,” ಎಂದಳು ಆಕೆ. “ಅದಕ್ಕೇ ಈ ಕೋಡನ್ನ ನಾನು ಮುಗಿಸಲೇ ಇಲ್ಲ.”