ಒಂದು ಗಂಟೆ ಹನ್ನೆರಡನೆಯ ನಿಮಿಷ

ಎಳನೀರಿನ ಗಾಡಿಯ ಮರೆಯಲ್ಲಿ ನಿಂತು ಲಾವಣ್ಯಾ ಎದುರಿನ ಮೊಬೈಲ್ ಅಂಗಡಿಯನ್ನೇ ನೋಡುತ್ತಿದ್ದಳು. ಪಕ್ಕದ ಮನೆಯ ಕೋಟೇಶ್ವರಮ್ಮ ಹೇಳಿದ್ದು ಸುಳ್ಳಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಸುಳ್ಳಾಗಲಿಲ್ಲ. ಐದೂಕಾಲಿಗೆ ಪ್ರಸನ್ನ ಬಂದಳು. ಬೆನ್ನ ಮೇಲೆ ಕೋಚಿಂಗ್ ಸೆಂಟರಿನ ಬ್ಯಾಗು. ಅತ್ತಿತ್ತ ನೋಡದೆ ನೇರ ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತಳು. ಅಂಗಡಿಯವನು ಏನು ಬೇಕೆಂದೂ ಕೇಳಲಿಲ್ಲ. ಗೋಡೆಯ ಟಿ.ವಿ.ಯಲ್ಲಿ ಸಿನಿಮಾ ಹಾಕಿದ.

ಲಾವಣ್ಯಾ ರಸ್ತೆ ದಾಟಿ ಬಾಗಿಲಿಗೆ ಬರುವಷ್ಟರಲ್ಲಿ ಪರದೆಯ ಮೇಲೆ ಲಾಡ್ಜಿನ ಕೋಣೆ, ಕೈಯಲ್ಲಿ ಮಚ್ಚು ಹಿಡಿದವನು, ಗೋಡೆಗೆ ಚಿಮ್ಮಿದ ರಕ್ತ. ಲಾವಣ್ಯಾ ಒಳಗೆ ನುಗ್ಗಿದಳು. ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು.

“ಏನೇ ಅದು? ಎಷ್ಟು ದಿನದಿಂದ ನಡೀತಿದೆ?”

ಮನೆಗೆ ಬಂದರು. ಚಪ್ಪಲಿ ಬಿಡುತ್ತ ಪ್ರಸನ್ನ ಅಂದಳು, “ನಿಮಗೆ ಅರ್ಥ ಆಗೋದಿಲ್ಲ.”

ಬಾಗಿಲು ಹಾಕಿಕೊಂಡಳು.

ಲಾವಣ್ಯಾ ಮದುವೆಯಾಗಿ ಹಾಸನ ಬಿಟ್ಟು ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದು ಎರಡು ವರ್ಷ. ಅವಳ ನಾಲಿಗೆಯಲ್ಲಿ ತೆಲುಗು ಇನ್ನೂ ತೊಡರುತ್ತಿತ್ತು. ಪ್ರಸನ್ನಳದು ಮಾತ್ರ ನೀರು ಹರಿದಂತೆ. ಗಂಡ ಶ್ರೇಯಸ್ ನೌಕಾಪಡೆಯವನು. ಹಡಗು ಹೊರಟರೆ ತಿಂಗಳುಗಟ್ಟಲೆ ಫೋನೂ ಇಲ್ಲ. “ನನ್ನ ಮಗಳನ್ನ ನಿನ್ನ ಕೈಗೆ ಬಿಟ್ಟು ಹೋಗ್ತಿದೀನಿ,” ಎಂದು ಹೋಗಿದ್ದ. ಹದಿಮೂರು ತುಂಬಿದ ಹುಡುಗಿ. ಮೈ ಬೆಳೆಯುತ್ತಿದೆ, ಮನಸ್ಸಿನಲ್ಲಿ ಏನು ಬೆಳೆಯುತ್ತಿದೆಯೋ ಯಾರು ಬಲ್ಲರು?

ಮರುದಿನ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ನಿಂತಳು.

“ಮಕ್ಕಳಿಗೆ ಇಂಥ ಸಿನಿಮಾ ತೋರಿಸ್ತೀರಲ್ಲ, ನಾಚಿಕೆ ಆಗೋದಿಲ್ವಾ? ಪರದೆಯ ಮೇಲೆ ಅಷ್ಟು ದೊಡ್ಡದಾಗಿ ‘ಎ’ ಅಂತ ಬರೆದಿದೆ!”

ಅಂಗಡಿಯ ಜಗನ್ಮೋಹನ್ ಕೈ ಮುಗಿದ. “ತಪ್ಪಾಯ್ತು ಮೇಡಂ. ಮೊದಲ ದಿನ ಬೇಡ ಅಂದೆ. ಅತ್ತುಬಿಟ್ಟಳು. ಬೇರೆ ಯಾವ ಪಿಕ್ಚರೂ ಕೇಳೋದಿಲ್ಲ. ಇದೇ ಬೇಕು. ಇದರಲ್ಲೂ ಒಂದು ಗಂಟೆ ಹನ್ನೆರಡನೇ ನಿಮಿಷದಿಂದ. ನಾಲ್ಕೈದು ಸಲ ಹಿಂದಕ್ಕೆ ಹಾಕಿಸ್ತಾಳೆ, ಎದ್ದು ಹೋಗ್ತಾಳೆ.”

“ಆ ಕೊಲೆಯನ್ನ ನಾಲ್ಕೈದು ಸಲ ನೋಡ್ತಾಳಾ?”

“ನೋಡೋದಿಲ್ಲ ಮೇಡಂ. ಕಣ್ಣು ಮುಚ್ಚಿಕೊಂಡು ಕೂತಿರ್ತಾಳೆ.”

ನೋಡಲೂ ಹೆದರಿಕೆ, ಬಿಡಲೂ ಆಗದು ಅಂದುಕೊಂಡಳು ಲಾವಣ್ಯಾ. ಇದು ಗೀಳೇ. ಪೇಪರಿನಲ್ಲಿ ಓದಿದ್ದು ತನ್ನ ಮನೆಗೇ ಬಂತು.

“ಅಳಿಸಿ ಅದನ್ನ. ನನ್ನ ಕಣ್ಣೆದುರಿಗೇ.”

ಅವನು ಹಿಂದೇಟು ಹಾಕಿದ. “ಹತ್ತು ಹದಿನೈದು ವರ್ಷದ ಹಿಂದೆ ವಿಜಯವಾಡದಲ್ಲಿ ಯಾರೋ ತೆಗೆದಿದ್ದು ಮೇಡಂ. ಮೂರು ದಿನವೂ ಓಡಲಿಲ್ಲ. ಈಗ ಇಂಟರ್ನೆಟ್ಟಲ್ಲೂ ಸಿಗೋದಿಲ್ಲ. ನನ್ನ ಹಳೇ ಡಿಸ್ಕಲ್ಲಿ ಉಳಿದಿರೋದೇ ಕೊನೇದು…”

“ಪೊಲೀಸರನ್ನ ಕರೀಲಾ?”

ಅವನು ಅಳಿಸಿದ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ ತೋರಿಸಿದ. ಹಿಂದಿನ ಸಂಜೆಯಿಂದ ಮೊದಲ ಸಲ ಲಾವಣ್ಯಾ ಸರಾಗವಾಗಿ ಉಸಿರಾಡಿದಳು.

ಅಂದು ಸಂಜೆ ಪ್ರಸನ್ನ ಅಂಗಡಿಗೆ ಹೋಗಿ ಎರಡೇ ನಿಮಿಷಕ್ಕೆ ವಾಪಸು ಬಂದಳು. ಮುಖ ಬೂದಿ ಬಳಿದಂತಿತ್ತು. ಕೂಗಾಡಲಿಲ್ಲ. ಜಗಳ ತೆಗೆಯಲಿಲ್ಲ. “ನೀವೇ ಅಳಿಸಿಸಿದ್ರಾ?” ಎಂದು ಒಂದೇ ಮಾತು ಕೇಳಿದಳು.

“ನಿನ್ನ ಒಳ್ಳೇದಕ್ಕೇ ಕಣೇ,” ಅಂದಳು ಲಾವಣ್ಯಾ.

ಎರಡು ದಿನ ಹುಡುಗಿ ಊಟ ಮುಟ್ಟಲಿಲ್ಲ. ಚಟ ಬಿಡುವಾಗ ಹೀಗೇ ಆಗುತ್ತದೆ ಎಂದು ಲಾವಣ್ಯಾ ತನಗೆ ತಾನೇ ಹೇಳಿಕೊಂಡಳು. ಮೂರನೆಯ ದಿನ ಹನ್ನೊಂದು ಗಂಟೆಗೆ ಶಾಲೆಯಿಂದ ಮೆಸೇಜು ಬಂತು: ನಿಮ್ಮ ಮಗು ಇಂದು ಗೈರುಹಾಜರು.

ಕೋಚಿಂಗ್ ಸೆಂಟರಿಗೆ ಓಡಿದಳು. ಬೀಚಿಗೆ ಓಡಿದಳು. ಜಗನ್ಮೋಹನನ ಅಂಗಡಿಗೆ ನುಗ್ಗಿ ಅವನ ಕಾಲರಿಗೇ ಕೈ ಹಾಕಿದಳು. ಅವನು ಅಂಗಡಿ ಮುಚ್ಚಿ ತನ್ನ ಬೈಕಿನಲ್ಲೇ ಅವಳನ್ನು ಕೂರಿಸಿಕೊಂಡು ಬೀದಿ ಬೀದಿ ಸುತ್ತಿದ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವಾಗ ಫೋನು ಬಡಿದುಕೊಂಡಿತು. ವಿಜಯವಾಡದ ದುರ್ಗಾಂಬ, ಪ್ರಸನ್ನಳ ತಾಯಿಯ ತಾಯಿ.

“ಹುಡುಗಿ ನನ್ನ ಹತ್ತಿರ ಇದ್ದಾಳೆ. ಒಬ್ಬಳೇ ರೈಲಿನಲ್ಲಿ ಬಂದಿದ್ದಾಳೆ. ಗಾಬರಿಯಾಗಬೇಡ, ಬಾ.”

ಮರುದಿನ ಬೆಳಿಗ್ಗೆ ಲಾವಣ್ಯಾ ವಿಜಯವಾಡದಲ್ಲಿ ಇಳಿದಳು. ಪ್ರಸನ್ನ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತು ಅತ್ತು ಕಣ್ಣು ಬಾತಿತ್ತು. ಹಣೆ ಮುಟ್ಟಿದರೆ ನಿದ್ದೆಯಲ್ಲೂ ತಲೆ ಸರಿಸಿದಳು. ದುರ್ಗಾಂಬ ಲಾವಣ್ಯಾಳನ್ನು ವರಾಂಡಕ್ಕೆ ಕರೆದು ಕಾಫಿ ಕೊಟ್ಟರು. ಅವಳಿಗೆ ಅರ್ಥವಾಗಲೆಂದು ತೆಲುಗನ್ನು ನಿಧಾನವಾಗಿ ಬಿಡಿಸಿ ಬಿಡಿಸಿ ಆಡಿದರು.

“ಆ ಪಿಕ್ಚರಿನ ಹೆಸರು ಇವಳಿಗೆ ಹೇಳಿದ್ದು ನಾನೇ.”

“ನೀವಾ?” ಲಾವಣ್ಯಾ ಲೋಟ ಕೆಳಗಿಟ್ಟಳು. “ಮಗುವಿಗೆ ಅಂಥದ್ದನ್ನ ನೀವೇ ನೋಡು ಅಂದ್ರಾ?”

“ನೋಡು ಅನ್ನಲಿಲ್ಲ ತಾಯಿ. ಆ ಸೀನು ಬಂದಾಗ ಕಣ್ಣು ಮುಚ್ಚಿಕೋ, ಕೇಳಿಸಿಕೋ ಅಂದೆ.”

“ಏನನ್ನ?”

ದುರ್ಗಾಂಬ ಸೆರಗಿನಿಂದ ಮೂಗು ಒರೆಸಿಕೊಂಡರು. “ಆ ರೂಮಿನ ಹೊರಗೆ ಯಾವಳೋ ಒಬ್ಬಳು ತನ್ನ ಮಗುವನ್ನ ಊಟಕ್ಕೆ ಕರೀತಾಳೆ. ಮುಖ ತೋರಿಸೋದಿಲ್ಲ, ದನಿ ಮಾತ್ರ. ಈ ಊರಿನ ಸ್ಟುಡಿಯೋದಲ್ಲಿ ಅದನ್ನ ಹೇಳಿದವಳು ನನ್ನ ಮಗಳು ಕನಕದುರ್ಗ. ಇವಳನ್ನ ಹೆತ್ತು, ಇವಳಿಗೆ ಎರಡು ತುಂಬೋ ಮೊದಲೇ ಹೋದಳಲ್ಲ, ಅವಳು. ಇವಳ ಅಮ್ಮನ ದನಿ ಈ ಲೋಕದಲ್ಲಿ ಉಳಿದಿದ್ದು ಅದೊಂದೇ ಕಡೆ.”