ಇಪ್ಪತ್ತೆಂಟು ಹಲ್ಲು

ಟಿಕ್, ಟಿಕ್, ಟಿಕ್. ರಾತ್ರಿ ಹನ್ನೊಂದೂವರೆಗೆ ನಡುಮನೆಯಿಂದ ಬಂದ ಸದ್ದಿಗೆ ಅವಳಿಗೆ ಎಚ್ಚರವಾಯಿತು. ನಲ್ಲಿಯಲ್ಲ, ನಲ್ಲಿಯನ್ನು ಎರಡು ಸಲ ನೋಡಿಯೇ ಮಲಗಿದ್ದಳು. ಪಕ್ಕದಲ್ಲಿ ಗಂಡ ಇರಲಿಲ್ಲ. ಅದು ಸೈಕಲ್ಲಿನ ಹಿಂದಿನ ಚಕ್ರದ ಸದ್ದೆಂದು ಹೊಳೆದ ಕೂಡಲೇ ಎದ್ದು ನಡುಮನೆಗೆ ಬಂದಳು.

ಗಂಡ, ನಿವೃತ್ತ ಸರ್ವೆಯರ್, ನೆಲದ ಮೇಲೆ ಕುಳಿತಿದ್ದ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಿಂದಿನ ಗೇರುಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಹಲ್ಲು ಎಣಿಸುತ್ತಿದ್ದ.

“ಇದ್ಯಾಕೋ ದೊಡ್ಡದಾಗಿ ಕಾಣ್ತಿದೆ ಕಣೆ. ಹನ್ನೊಂದು, ಹನ್ನೆರಡು...”

“ಕನ್ನಡಕ ಬದಲಾಯಿಸಿ ಅಂತ ಎಷ್ಟು ದಿನದಿಂದ ಹೇಳ್ತಿದ್ದೀನಿ.”

“ಕನ್ನಡಕ ಹಳೇದಾದ್ರೆ ಚಕ್ರ ಬೆಳೆಯುತ್ತಾ? ಹದಿಮೂರು...”

ಚಕ್ರ ಬೆಳೆದದ್ದು ನಿಜ. ಹೋದ ಭಾನುವಾರ ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಅವನು ಇಳಿದು ಸೈಕಲ್ ತಳ್ಳಿಕೊಂಡು ಹೋಗಿದ್ದ. ಜೊತೆಗಿದ್ದ ಅವಳ ತಮ್ಮ ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. “ಭಾವ, ದೊಡ್ಡ ಗೇರು ಹಾಕಿಸ್ಕೊಳ್ಳಿ. ಹಲ್ಲು ಜಾಸ್ತಿಯಾದಷ್ಟೂ ಹತ್ತೋದು ಸಲೀಸು, ವಯಸ್ಸಾದವರಿಗೆ ಅದೇ ಸರಿ.” ಸರ್ವೆಯರ್ ಕೆರಳಿದ. ಈ ಊರು ಸಪಾಟು, ಇರುವುದೊಂದೇ ಏರು, ಅದನ್ನೂ ತಾನೇ ಅಳೆದಿದ್ದೇನೆ, ನೂರಕ್ಕೆ ನಾಲ್ಕು ಅಡಿ. ಇಂಥ ರಸ್ತೆಗೆ ಇಪ್ಪತ್ತೆಂಟು ಹಲ್ಲು ಧಾರಾಳ, ಒಂದು ಗೇರಿಗೂ ಇನ್ನೊಂದಕ್ಕೂ ಅಂತರ ಕಡಿಮೆಯಿದ್ದರೆ ಕಾಲಿನ ಲಯ ತಪ್ಪುವುದಿಲ್ಲ ಎಂದು ಗ್ರಾಫ್ ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಅಷ್ಟಕ್ಕೇ ಬಿಡಲಿಲ್ಲ. ಬರುವ ಭಾನುವಾರ ಸೇತುವೆಯ ಮೇಲೆ ತನ್ನ ಕಾಲು ನೆಲಕ್ಕೆ ತಾಗಿದರೆ ಸೈಕಲ್ಲು ಭಾವಮೈದುನನದು ಎಂದುಬಿಟ್ಟ.

ಒಮ್ಮೆ ಮಾತು ಕೊಟ್ಟರೆ ಮುಗಿಯಿತು, ಅವನು ಹಿಂದೆಗೆಯುವವನಲ್ಲ. ಹಿಂದೊಮ್ಮೆ ಹೀಗೇ ಹಟಕ್ಕೆ ಬಿದ್ದು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದಿದ್ದ. ಇಸ್ತ್ರಿ ಪೆಟ್ಟಿಗೆ ಹೋದರೆ ಹೋಗಲಿ. ಸೈಕಲ್ ಬರುವ ಮೊದಲು ಅವನು ಬೆಳಗಿನ ಹೊತ್ತು ಅಡುಗೆಮನೆಗೆ ಬಂದು, ಒಲೆಯಿಂದ ಸಿಂಕಿಗೆ ಅವಳು ಎಷ್ಟು ಹೆಜ್ಜೆ ದಂಡ ಮಾಡುತ್ತಾಳೆಂದು ಟೇಪು ಹಿಡಿದು ಅಳೆಯುತ್ತಿದ್ದ. ಆ ಕಾಲ ಮತ್ತೆ ಬರುವುದನ್ನು ನೆನೆದೇ ಅವಳಿಗೆ ಬೆವರಿತು.

ಹಾಗಾಗಿ ಇವತ್ತು ಅವನು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಹೋಗಿದ್ದಳು. ಮೆಕ್ಯಾನಿಕ್ ತಲೆ ಕೆರೆದುಕೊಂಡ. “ಸರ್ ಲೆಕ್ಕ ಸರಿಯಾಗೇ ಇದೆ ಮೇಡಂ. ರಸ್ತೆಗೆ ಇಪ್ಪತ್ತೆಂಟು ಸಾಕು. ಮಂಡಿಗೆ ಸಾಲದು. ಸರ್ ರಸ್ತೆ ಅಳೆದಿದ್ದಾರೆ, ಮಂಡಿ ಅಳೆದಿಲ್ಲ.” ಮೂವತ್ನಾಲ್ಕು ಹಲ್ಲಿನದನ್ನು ಹಾಕಿ, ಅದಕ್ಕೆ ತಕ್ಕಂತೆ ಉದ್ದದ ಚೈನನ್ನೂ ಜೋಡಿಸಿ ಕೊಟ್ಟಿದ್ದ.

“ಹದಿನೇಳು, ಹದಿನೆಂಟು...”

“ರೀ, ಅಲಾರಂ ಐದಕ್ಕೆ ಇಡ್ಲಾ, ಐದೂವರೆಗಾ?”

“ಐದೂವರೆ. ಆರು, ಏಳು... ಥತ್!”

ಮತ್ತೆ ಮೊದಲಿನಿಂದ. ಇಪ್ಪತ್ತೊಂದಕ್ಕೆ ಬಂದಾಗ ಅವಳು, ನಿಮ್ಮ ಬಿಪಿ ಮಾತ್ರೆ ಇನ್ನು ಹತ್ತಿದೆಯೋ ಹನ್ನೆರಡಿದೆಯೋ ಎಂದು ಕೇಳಿದಳು.

“ಐದೇ ನಿಮಿಷ ಬಾಯಿ ಮುಚ್ಕೊಂಡಿರು ತಾಯಿ, ನಿಂಗೆ ಕೈ ಮುಗೀತೀನಿ!” ಅವನು ಎದ್ದು ಹೋಗಿ ಸೀಮೆಸುಣ್ಣ ತಂದು ಒಂದು ಹಲ್ಲಿಗೆ ಗುರುತು ಹಾಕಿ ಕುಳಿತ.

ಇನ್ನು ಅವಳ ಬಳಿ ಪ್ರಶ್ನೆಗಳಿರಲಿಲ್ಲ. ಹೇಗೆ ಒಪ್ಪಿಕೊಳ್ಳುವುದು, ಯಾವ ಮಾತಿನಿಂದ ಶುರು ಮಾಡುವುದು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದಳು.

“ಇಪ್ಪತ್ತಾರು. ಇಪ್ಪತ್ತೇಳು. ಇಪ್ಪತ್ತೆಂಟು.”

ಬೆರಳು ನಿಂತಿತು. ಬಿಳಿ ಗುರುತು ಇನ್ನೂ ಆಚೆಗಿತ್ತು. ಅವನು ಅದನ್ನೇ ನೋಡಿದ. ಆಮೇಲೆ ದನಿಯಿಲ್ಲದೆ ತುಟಿಗಳು ಆರು ಸಲ ಅಲುಗಿದವು. ಬೆರಳು ಗುರುತಿಗೆ ಬಂದು ಮುಟ್ಟಿತು. ಅವನು ಹೆಂಡತಿಯ ಕಡೆ ತಿರುಗಲಿಲ್ಲ. ಬಲ ಮಂಡಿಯನ್ನು ಮೆಲ್ಲಗೆ ಸವರಿಕೊಂಡ.

“ಇಪ್ಪತ್ತೆಂಟೇ,” ಎಂದ. “ಸರಿಯಾಗಿದೆ.”

“ನಾನು ಹೇಳಲಿಲ್ವಾ, ಕನ್ನಡಕದ್ದೇ ದೋಷ ಅಂತ.”

“ಹೂಂ. ನಾಳೆ ಅಲ್ಲ ನಾಡಿದ್ದು ತೋರಿಸ್ಕೊಂಡು ಬರೋಣ.” ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ದೀಪ ಆರಿಸಿ, ಹಾಸಿಗೆಗೆ ಬಂದು ಎರಡೇ ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ. ಜೋಡಿಸಿದ್ದ ವಾಕ್ಯಗಳನ್ನೆಲ್ಲ ಅವಳು ನುಂಗಿಕೊಂಡಳು.

ಭಾನುವಾರ ಬೆಳಗ್ಗೆ ಎಂಟಕ್ಕೆ ಗಂಡ, ತಮ್ಮ ಇಬ್ಬರೂ ಸೇತುವೆಯಿಂದ ಹಿಂದಿರುಗಿದರು. ಗಂಡ ಬಂದವನೇ ಸೈಕಲ್ಲಿಗೆ ಹಳೆಯ ಬೆಡ್‌ಶೀಟ್ ಹೊದಿಸಿ, ಧೂಳು ಕೂತುಬಿಡುತ್ತೆ ಎನ್ನುತ್ತಾ ಸ್ನಾನಕ್ಕೆ ಹೋದ. ತಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಅಕ್ಕಾ, ಸೀಟಿಂದ ಏಳದೇ ಹತ್ತಿಬಿಟ್ರು. ಮೇಲಿಂದ ಶಿಳ್ಳೆ ಬೇರೆ! ಹೋದ ವಾರ ಏದುಸಿರು ಬಿಡ್ತಿದ್ದ ಮನುಷ್ಯ. ನಿಜ ಹೇಳು, ಹಿಂದಿನ ಚಕ್ರಕ್ಕೆ ಏನೋ ಮಾಡಿಸಿದ್ದಾರೆ ಅಲ್ವಾ?”

ಬಚ್ಚಲಿನಲ್ಲಿ ನೀರಿನ ಸದ್ದು ಥಟ್ಟನೆ ನಿಂತಿತು.

ಈ ವಿಷಯ ಯಾರಿಗೂ ಹೇಳುವುದಿಲ್ಲ, ಅಲ್ಲಿ ಮೈತುಂಬ ಸೋಪು ಹಚ್ಚಿಕೊಂಡು ಕಿವಿಗೊಟ್ಟು ನಿಂತವನಿಗೂ ಹೇಳುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದು ಆಗಲೇ. ಒಲೆಯ ಉರಿ ಸಣ್ಣ ಮಾಡಿ ತಮ್ಮನ ಕಡೆ ತಿರುಗಿದಳು.

“ಹಿಂದಿನ ಚಕ್ರ ಅಂದ್ರೆ ಯಾವುದೋ? ಬೆಲ್ ಇರೋ ಕಡೇದಾ?”